ಅಲುಗಾಡಿಸಿ ನೋಡಿದ್ದು

ನನ್ನ ಕಸುಬು ಗುದ್ದಿದ ಗಾಡಿಗಳನ್ನು ನೋಡುವುದು.
ನಂತೂರಿನ ತಿರುವಿನಲ್ಲಿ, ಪಡೀಲಿನ ಸೇತುವೆಯಡಿ
ಒಳಸೇರಿದ ಬಾಗಿಲಿಗೆ ಬೆಲೆ ಬರೆಯುವುದು,
ಬೆಲ್ಟು ಎಳೆದು ನೋಡುವುದು:
ಹಾಕಿದ್ದರೇ, ಬರೀ ಬೆನ್ನ ಹಿಂದೆ ಸಿಕ್ಕಿಸಿದ್ದರೇ
ಆ ಪಟ್ಟಿಯೇ ಹೇಳಿಬಿಡುತ್ತದೆ.

ಇಂಥವನನ್ನು ಹಂಪನಕಟ್ಟೆಯ ಅಂಗಡಿಗೆ
ಮಗುವಿನ ಎತ್ತರದ ಕುರ್ಚಿ ತರಲು ಕಳಿಸಬಾರದಿತ್ತು.
ವಿನುತಾ ಕಳಿಸಿದಳು. ಚಾರ್ವಿಗೆ ಏಳು ತಿಂಗಳು,
ಕೂರಿಸಿದರೆ ಕೂರುತ್ತಾಳೆ,
ಮರೆತರೆ ವಾಲುತ್ತಾಳೆ.

ಅಂಗಡಿಯ ಹುಡುಗ ಮೊದಲು ತೋರಿಸಿದ್ದು
ಜಿರಾಫೆಯ ಮುಖದ್ದು. ಗುಂಡಿ ಒತ್ತಿದರೆ ಹಾಡುತ್ತದೆ.
"ಇದೇ ಹೋಗುವುದು ಸರ್, ಲೈಟು ಸಹ ಉಂಟು."
ಬೆನ್ನಿಗೆ ಕೈಯಿಟ್ಟು ಒಂದು ನೂಕು ನೂಕಿದೆ.
ಜಿರಾಫೆ ಹಾಡುತ್ತಲೇ ಮಗುಚಿತು.

"ಹಾಗೆ ಯಾರು ನೂಕುತ್ತಾರೆ ಮಾರಾಯ್ರೆ?"
ಅವಳೇ, ಅಂದೆ. ಮೇಜಿಗೆ ಕಾಲು ಕೊಟ್ಟು.
ಬೇಡ ಅನ್ನುವುದನ್ನು ಅವಳು ಪಾದದಿಂದ ಹೇಳುತ್ತಾಳೆ.

ಮತ್ತೊಂದಕ್ಕೆ ಸೊಂಟಕ್ಕಷ್ಟೇ ಪಟ್ಟಿ, ಭುಜಕ್ಕಿಲ್ಲ.
ಇನ್ನೊಂದರಲ್ಲಿ ಕಾಲ ನಡುವಿನ ಗೂಟ ತಟ್ಟೆಗೇ ಅಂಟಿದ್ದು,
ತಟ್ಟೆ ತೆಗೆದರೆ ಮಗುವಿಗೆ ಜಾರುಬಂಡೆ.
ಮಡಚುವ ಸಂದಿಯಲ್ಲಿ ನನ್ನ ಕಿರುಬೆರಳನ್ನೇ ಇಟ್ಟು ನೋಡಿದೆ.
ಹುಡುಗ ಮಾತಾಡದೆ ಹತ್ತಿ ತಂದುಕೊಟ್ಟ.

ಪಕ್ಕದ ಮನೆಯ ಸಿಸಿಲಿಯಾ ಬಾಯಮ್ಮ ಮೊದಲೇ ಅಂದಿದ್ದರು,
"ಕೊಳ್ಳುವುದು ಎಂತಕ್ಕೆ? ನಮ್ಮದುಂಟಲ್ಲ."
ಕುವೈತಿನಿಂದ ಬಂದ ಮರದ ಕುರ್ಚಿ,
ಅಂಚಿನಲ್ಲಿ ಮೂರು ಮಕ್ಕಳ ಹಲ್ಲಿನ ಗುರುತು.
ಒರೆಸಿ, ಎಣ್ಣೆ ಹಚ್ಚಿ, ನಮ್ಮ ಜಗಲಿಗೇ ತಂದಿಟ್ಟಿದ್ದರು.
ಬೆಲ್ಟೆಲ್ಲಿ, ಎಂದು ಕೇಳಿದೆ.
"ಬೆಲ್ಟಾ? ನಾನಿದ್ದೆನಲ್ಲ."
ಆ ಮಾತನ್ನು ಬರೆಯಲು ನನ್ನ ಫಾರಮ್ಮಿನಲ್ಲಿ ಜಾಗವಿಲ್ಲ.
ಬೇಡ ಅಂದೆ.
ಎರಡು ವಾರ ಅವರು ಗೇಟಿನ ಬಳಿ ನಿಲ್ಲಲಿಲ್ಲ.

ಕೊನೆಗೆ ತಂದದ್ದು ಬೂದು ಬಣ್ಣದ್ದು, ಚಂದವಿಲ್ಲದ್ದು.
ಕಾಲು ಅಗಲಿಸಿ ನಿಲ್ಲುತ್ತದೆ, ಬಂದರಿನ ಹಮಾಲರು
ಬೆನ್ನಿಗೆ ಮೂಟೆ ಬೀಳುವ ಮೊದಲು ನಿಲ್ಲುವ ಹಾಗೆ.
ಐದು ಕಡೆಯಿಂದ ಪಟ್ಟಿ ಬಂದು ಹೊಟ್ಟೆಯ ಮೇಲೆ ಸೇರುತ್ತದೆ.

ಅಮ್ಮ ಅದಕ್ಕೊಂದು ಸುತ್ತು ಬಂದಳು.
ಅವಳ ಕಾಲದಲ್ಲಿ ಕುರ್ಚಿಯೆಂದರೆ ನೀಡಿದ ಎರಡು ಕಾಲು,
ಅದರ ಮೇಲೆ ಮಗು, ಒಂದು ಕೈಯಲ್ಲಿ ರಾಗಿ ಮಣ್ಣಿ,
ಇನ್ನೊಂದು ಕೈ ಕತ್ತಿಗೆ.
ನಗುತ್ತಾಳೆ ಅಂದುಕೊಂಡೆ.
ಬಕ್ಕಲು ಹಾಕಿದಳು. ತೆಗೆದಳು. ಮತ್ತೆ ಹಾಕಿ
ತಲೆ ಓರೆ ಮಾಡಿ ಕೇಳಿದಳು.
"ಸದ್ದಾಗ್ತದೆ. ಒಳ್ಳೆಯದು."
ಆಮೇಲೆ, ನನ್ನ ಗದ್ದದ ಗಾಯದ ಗೆರೆಯತ್ತ ನೋಡದೆ,
"ಅದು ಚೆಂಡು ತಾಗಿದ್ದಲ್ಲ.
ಸ್ಟೂಲಿನ ಮೇಲೆ ಕೂರಿಸಿದ್ದೆ. ಹಾಲು ಉಕ್ಕಿತು.
ತಿರುಗಿದ್ದು ಅಷ್ಟೇ."

ಒಂದು ಕ್ಷಣ ತಿರುಗಿದೆ ಸರ್, ಅಷ್ಟೇ:
ಇದು ನಾನು ದಿನಾ ಕೇಳುವ ಮಾತು,
ದಿನಾ ಬರೆದುಕೊಳ್ಳುವ ಮಾತು.
ಕೈ ತಾನಾಗಿ ಜೇಬಿಗೆ ಹೋಯಿತು ಪೆನ್ನಿಗೆ.
ಮೂವತ್ತಾರು ವರ್ಷದಿಂದ ಉಕ್ಕುತ್ತಲೇ ಇತ್ತೇನೋ
ಆ ಹಾಲು, ಅವಳೊಳಗೆ.
"ಗೆರೆ ಕಾಣುವುದೇ ಇಲ್ಲ ಅಮ್ಮ" ಅಂದೆ.
ಕಾಣುತ್ತದೆ.

ಕೆಂಪು ನೆಲ ಬಚ್ಚಲಿನ ಕಡೆಗೆ ತುಸು ಇಳಿಜಾರು.
ಮೇಜಿನಿಂದ ಸರಿಸಿ, ಪರದೆಯ ದಾರದಿಂದ ಸರಿಸಿ,
ಒಲೆಯ ಕಡೆಯಿಂದಂತೂ ದೂರ, ಗೋಡೆಯಿಂದಲೂ ದೂರ,
ಮನೆಯಲ್ಲಿ ಉಳಿದದ್ದು ಒಂದೇ ಜಾಗ:
ಎಲ್ಲರೂ ನಡೆದಾಡುವ ನಟ್ಟನಡುವೆ.

ಅಲ್ಲಿಂದ ಅವಳು ಚಮಚ ಬೀಳಿಸುತ್ತಾಳೆ,
ಬಾಳೆಹಣ್ಣು ಬೀಳಿಸುತ್ತಾಳೆ, ಮಣ್ಣಿಯನ್ನು ಮುಷ್ಟಿಯಲ್ಲಿ ಹಿಂಡಿ
ಒಂದೊಂದೇ ತೊಟ್ಟು ಬೀಳಿಸಿ ಬಗ್ಗಿ ನೋಡುತ್ತಾಳೆ,
ಯಾವುದು ಎಷ್ಟು ಹೊತ್ತಿಗೆ ನೆಲ ಮುಟ್ಟಿತು ಎಂದು.
ಅಪ್ಪನ ಕಸುಬೇ.

ನಿನ್ನೆ ಬಾಯಮ್ಮ ಬಂದರು, ಬೇಯಿಸಿದ ನೇಂದ್ರ ಹಣ್ಣು ಹಿಡಿದು.
ಅವರ ಕುರ್ಚಿಯ ಮೇಲೀಗ ಆಂಥೂರಿಯಂ ಕುಂಡ ಉಂಟಂತೆ.
ಚಾರ್ವಿಗೆ ತಿನ್ನಿಸುತ್ತಾ ಕೂತರು,
ಎಡಗೈ ಬೂದು ಕುರ್ಚಿಯ ಬೆನ್ನಿಗೆ.
"ಪಟ್ಟಿ ಹಾಕಿ ಆಗಿದೆ ಬಾಯಮ್ಮ."
"ಗೊತ್ತುಂಟು" ಅಂದರು.
ಕೈ ತೆಗೆಯಲಿಲ್ಲ.