ಕಟಿಂಗ್ ತುಂಡು

ಕೂಲಿ ಬರುವುದು ಶನಿವಾರ.
ಮಿಕ್ಕ ದಿನ ಚೌಕಿಪೇಟೆಯ ಪ್ರೆಸ್ಸಿನಿಂದ
ಇವರು ತರುವುದು ಒಂದು ಚೀಲ ತುಂಡು:
ಲಗ್ನಪತ್ರಿಕೆಗಳ ಅಂಚು, ತಪ್ಪಚ್ಚಿನ ಹಾಳೆ,
ಬೆರಳಗಲದವು, ಕೆಲವು ಅಂಗೈಯಗಲ,
ಅರಿಶಿನ, ಗಿಣಿಹಸಿರು, ಮುಟ್ಟಿದರೆ ಅಂಟುವ ಚಿನ್ನದ ಪುಡಿ.
ಒಲೆ ಹಚ್ಚಲಿಕ್ಕೆ ಆಗುತ್ತೆ ಅಂತ ಶುರುವಾದದ್ದು.
ಗ್ಯಾಸು ಬಂದ ಮೇಲೂ ನಿಂತಿಲ್ಲ.

ಯಾರದೋ ಚಿ|| ರಾ||,
ಯಾರದೋ ಅರ್ಧ ಗಣಪತಿ, ಸೊಂಡಿಲಿಲ್ಲದ್ದು,
ಯಾವುದೋ ಕಲ್ಯಾಣಮಂಟಪದ ಬರೀ 'ಟಪ'.
ನಮ್ಮ ಮಂಚದ ಕೆಳಗೆ
ಊರಿನ ಮದುವೆಗಳೆಲ್ಲ ಚೂರುಚೂರು.

ಜೂನ್ ಒಂದು ಇವರು ಹುಟ್ಟಿದ ದಿನ.
ಅತ್ತೆಯನ್ನು ಕೇಳದೆ ಹೆಡ್‌ಮಾಸ್ತರು
ರಿಜಿಸ್ಟರಿನಲ್ಲಿ ಹೆತ್ತ ದಿನ.
ಅತ್ತೆಯ ಲೆಕ್ಕ ಬೇರೆ:
"ಹತ್ತಿ ಮಿಲ್ಲಿನ ಎರಡನೇ ಕೂಗು ಆಗಿತ್ತು ನೋಡು,
ಶೇಂಗಾ ಕೀಳೋ ಕಾಲ,
ಹೊಟ್ಟೆತುಂಬ ಹಸಿ ಶೇಂಗಾ ತಿಂದಿದ್ದೆ."
ನಮ್ಮ ನಿಸರ್ಗಳಿಗೆ ಈ ಜಗಳ ಬೇಡ.
ಕ್ಯಾಲೆಂಡರಿನ ಒಂದಕ್ಕೆ ಸುತ್ತು ಹಾಕಿದ್ದಾಳೆ,
ಹಾಲಿನ ಲೆಕ್ಕದ ಪಕ್ಕ.

ಮೈದಾ ಅಂಟು ಕುದಿಸಿಕೊಟ್ಟೆ,
ಇರುವೆ ಮುತ್ತದಿರಲೆಂದು ಚಿಟಿಕೆ ಅರಿಶಿನ.
ಬ್ಲೌಸಿಗೆ ಹುಕ್ಸು ಹಚ್ಚುವ ನನ್ನ ಡಬ್ಬಿಯಿಂದ
ಮೂರು ಮಣಿ, ಒಂದು ಮೊಳ ಜರಿದಾರ ಹೋದವು,
ಗಿರಾಕಿಗೆ ಏನು ಹೇಳಲಿ.
ಮಂಡಕ್ಕಿಯನ್ನೂ ಅಂಟಿಸಿದಳು, ಮಲ್ಲಿಗೆಯಂತೆ.
ನಾಲ್ಕು ಕಾರ್ಡಿಗೆ, ಎಂಟು ಬಾಯಿಗೆ.

ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ
ಚಾಪೆಯ ಮೇಲೆ, ಕೈ ನೆಲಕ್ಕೆ ಚೆಲ್ಲಿ.
ಮದುವೆ ಸೀಸನ್ನಿನ ನಿದ್ದೆ,
ಕಿವಿಯಲ್ಲಿ ಡೊಳ್ಳು ಬಡಿದರೂ ಏಳದ್ದು.
ಅಂಗೈ ಕೆಳಗೆ ಕಾರ್ಡು ತೂರಿಸಿ
ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಳು.
ಹೆಬ್ಬೆರಳು, ತೋರುಬೆರಳು, ನಡುಬೆರಳು.
ಉಂಗುರದ ಬೆರಳಲ್ಲಿ ಪೆನ್ಸಿಲು ಬೇಗ ತಿರುಗಿತು,
ಒಂದು ಗೆಣ್ಣು ಮೊದಲೇ.

ಆ ಗೆಣ್ಣು ಹೋದದ್ದು ಅವಳು ಹುಟ್ಟುವ ಮೊದಲು.
ಮಾಲೀಕರು ಒಳ್ಳೆಯವರು, ಆಸ್ಪತ್ರೆಗೆ ಕೊಟ್ಟರು.
ಆ ನೂರು ಕಾರ್ಡನ್ನೂ
ಮತ್ತೆ ಅಚ್ಚು ಹಾಕಿಸಿದರು.

"ಪೂರ್ತಿ ಬರಿಯೇ," ಅಂದೆ, "ಚಂದ ಕಾಣ್ತೈತಿ."
ರಬ್ಬರು ಮುಂದಿಟ್ಟೆ.
ಅವಳು ನನ್ನನ್ನು ನೋಡಿದಳು,
ಮಗ್ಗಿ ತಪ್ಪಿದವರನ್ನು ಟೀಚರು ನೋಡುವ ಹಾಗೆ.
"ಆಮೇಲೆ ಅದು ಯಾರ ಕೈ ಆಗ್ತೈತಮ್ಮ?"

ರಬ್ಬರನ್ನು ಎತ್ತಿ ಹುಕ್ಸಿನ ಡಬ್ಬಿಗೆ ಹಾಕಿದೆ.
ಅಲ್ಲೇ ಇದೆ ಇನ್ನೂ.

ಕಾರ್ಡಿನ ಬೆನ್ನಿಗೆ ಉಳಿದಿತ್ತು ತಪ್ಪಚ್ಚಿನ ಒಂದು ಸಾಲು:
'ಸುಖಾಗಮನ ಬಯಸುವ'
ಬಯಸುವವರು ಬ್ಲೇಡಿಗೆ ಹೋಗಿದ್ದರು.
ಆ ಖಾಲಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದಳು,
ನಿಸರ್ಗ, ಮೂರನೇ ಕ್ಲಾಸು, ಬಿ ಸೆಕ್ಷನ್.
ಸ್ವಲ್ಪ ಯೋಚಿಸಿ
ನನ್ನ ಹೆಸರೂ, ಸಣ್ಣದಾಗಿ.

ಸಂಜೆ ಎದ್ದರು. ಚಹಾ ಕೊಟ್ಟೆ.
ಕಾರ್ಡನ್ನು ಮೊದಲು ತೆರೆಯಲೇ ಇಲ್ಲ,
ಹೆಬ್ಬೆರಳಲ್ಲಿ ಅಂಚು ಸವರಿದರು,
ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದರು.
"ಎರಡು ಎಂಎಂ ಸೊಟ್ಟ ಐತಿ."
ಮಗಳ ಮುಖ
ನೀರಿಗೆ ಹಾಕಿದ ಮಂಡಕ್ಕಿ.
"ನಾಳೆ ಮಶೀನಿಗೆ ಕೊಟ್ಟು ಸರಿ ಮಾಡ್ಕೊಂಡು ಬರ್ಲಾ?"
"ಬ್ಯಾಡ," ಅಂದಳು ತಟ್ಟನೆ,
"ಮಶೀನಿಗೆ ಕೊಡಬ್ಯಾಡ."

ಆಮೇಲೆ ತೆರೆದರು.
ಪೆನ್ಸಿಲಿನ ಕೈ ಮೇಲೆ ತಮ್ಮ ಕೈ ಇಟ್ಟರು, ಅಳತೆಗೆಂಬಂತೆ.
ಎಲ್ಲ ಬೆರಳೂ ಕೂತವು, ಅದೂ.
ಎತ್ತಲಿಲ್ಲ ಬಹಳ ಹೊತ್ತು.
ಲೋಟದಲ್ಲಿ ಚಹಾ ಕೆನೆಗಟ್ಟಿತು.

ಮಣಿಯ ಪಕ್ಕದಿಂದ ಒಂದು ಮಂಡಕ್ಕಿ ಉದುರಿ ಬಿತ್ತು.
ಹೆಕ್ಕಿ ಬಾಯಿಗೆ ಹಾಕಿಕೊಂಡರು.
"ಅಂಟು," ಅಂದರು ಅಗಿಯುತ್ತಾ, ನನ್ನತ್ತ ನೋಡದೆ,
"ಹದವಾಗಿ ಬಂದೈತಿ."