ಒತ್ತಿಗೆ ಬೇರೆ ದರವಿಲ್ಲ

ಅಕ್ಷರಕ್ಕೆ ಹದಿನೆಂಟು ರೂಪಾಯಿ.
ಒತ್ತಿಗೆ ಬೇರೆ ಕಾಸಿಲ್ಲ ಎಂದರು ಖಜಾಂಚಿ ಈಶ್ವರ ಮಾಸ್ತರರು.
ನನಗೆ ವ್ಯಾಕರಣ ಕಲಿಸಿದವರು, ಎದುರಾಡುವುದು ಹೇಗೆ.
ಕೃಷ್ಣ ಎಂದರೆ ಎರಡೇ ಅಕ್ಷರ, ಅವರ ಲೆಕ್ಕದಲ್ಲಿ.
ನನ್ನ ಉಳಿಗೆ ಗೊತ್ತು ಅದು ಎಷ್ಟೆಂದು.

ಬದಿಯಡ್ಕದಿಂದ ಒಳಗೆ ಆರು ಮೈಲು,
ಮುರಕಲ್ಲಿನ ಗೋಡೆ, ಹಂಚಿನ ಮಾಡು,
ಅಜ್ಜನ ಕಾಲದಿಂದ ಹಾಗೇ ಕೂತಿದ್ದ ದೇವರಿಗೆ
ಪ್ರಶ್ನೆಯಲ್ಲಿ ಕಂಡುಬಂತು: ತಾಮ್ರ ಬೇಕು.
ಮೊದಲು ಕವಡೆ ಬಿತ್ತು, ಆಮೇಲೆ ಎಸ್ಟಿಮೇಟು.
ಎರಡು ಕೋಟಿ ಹದಿನಾಲ್ಕು ಲಕ್ಷ.

ರಶೀದಿ ಪುಸ್ತಕ ಗುಡ್ಡೆ ಹತ್ತಿತು, ಇಳಿಯಿತು,
ಮಸ್ಕತ್ತಿಗೆ ವಾಟ್ಸಾಪಿನಲ್ಲಿ ಹೋಗಿ ಬಂತು.
ಹತ್ತು ಸಾವಿರ ಕೊಟ್ಟರೆ ಕಲ್ಲಿನಲ್ಲಿ ಹೆಸರು,
ಲಕ್ಷ ದಾಟಿದರೆ ಅದಕ್ಕೆ ಚಿನ್ನದ ಬಣ್ಣ.
ಚನಿಯಾರು ಹುಂಜ ಮಾರಿ ಏಳುನೂರು ತಂದಳು.
ಅವಳ ಹೆಸರು ರಶೀದಿಯಲ್ಲಿ ಉಂಟು,
ಅದೂ ಚನಿಯ ಎಂದು, ಗಂಡಸಾಗಿ.

ಗರ್ಭಗುಡಿಯ ತಾಮ್ರ ಪೂರ್ತಿ ಒಬ್ಬರದೇ:
ಶ್ರೀ ಪಿ. ತಾರಾನಾಥ ಮತ್ತು ಮನೆಯವರು.
ಹದಿಮೂರು ಅಕ್ಷರ, ಕಲ್ಲಿನ ನೆತ್ತಿಯಲ್ಲಿ.

ಚೀಟಿಗೆ ಇಲ್ಲಿ ಕುರಿ ಎನ್ನುತ್ತೇವೆ,
ಮಲಯಾಳದಿಂದ ಹೊಳೆ ದಾಟಿ ಬಂದ ಮಾತು.
ಘಟ್ಟದ ಮೇಲಿನ ನೆಂಟರು ನಗುತ್ತಾರೆ,
ಕುರಿ ಕಟ್ಟುವುದಾ? ಹಗ್ಗ ಎಲ್ಲಿ?
ನಾವೂ ನಗುತ್ತಿದ್ದೆವು.
ಬೀಡಿ ಕಟ್ಟುವ ಹೆಂಗಸರೆಲ್ಲ ತಾರಾನಾಥರ ಕುರಿಯಲ್ಲಿದ್ದರು.
ಶನಿವಾರ ಮಜೂರಿ ಸಿಕ್ಕಿದ ಕೈಯಲ್ಲೇ,
ಹೊಗೆಸೊಪ್ಪಿನ ಹುಡಿ ತೊಳೆಯುವ ಮೊದಲೇ,
ವಾರಕ್ಕೆ ಇನ್ನೂರೈವತ್ತು.

ಬ್ರಹ್ಮಕಲಶದ ದಿನ ಅವರಿಗೆ ಶಾಲು,
ಮೊದಲ ಪಂಕ್ತಿಯ ಮೊದಲ ಎಲೆ.
ತಂತ್ರಿಗಳು ನೀರು ಎರೆದಾಗ ಹೊಸ ತಾಮ್ರ
ಎಂಥ ಹೊಳಪು, ಕಣ್ಣಿಡಲಾಗಲಿಲ್ಲ.
ಪೆರ್ಲದ ಬಸ್ಸಿನವರೂ ತಲೆ ಹೊರಹಾಕಿ ನೋಡಿದರು.

ಆಟಿಯಲ್ಲಿ ಆಫೀಸಿಗೆ ಬೀಗ ಬಿತ್ತು.
ಫೋನು ಮಾಡಿದರೆ ಒಬ್ಬಳು ಹುಡುಗಿ
ಇಲ್ಲ ಎಂದು ಮಲಯಾಳದಲ್ಲಿ ಹೇಳಿದಳು,
ಆಮೇಲೆ ಇಂಗ್ಲಿಷಿನಲ್ಲಿ.
ಕನ್ನಡದಲ್ಲಿ ಯಾರೂ ಹೇಳಲಿಲ್ಲ.

ಹೆಂಗಸರು ಮೊದಲು ಠಾಣೆಗೆ ಹೋದರು,
ಆಮೇಲೆ ದೇವಸ್ಥಾನಕ್ಕೆ.
ಬೀಫಾತುಮ್ಮ ಗೇಟಿನ ಹೊರಗೇ ನಿಂತು
ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.
ಮಗಳ ಮದುವೆಯ ಒಂದೂವರೆ ಪವನು,
ಅದರಲ್ಲಿ ಯಾವ ತಗಡು, ಮಾಸ್ಟ್ರೇ?

ಮಾಸ್ತರರು ವ್ಯಾಕರಣ ತೆಗೆದರು.
ಕೊಟ್ಟದ್ದು ಭೂತಕಾಲ, ಎಂದರು,
ದೇವರಿಗೆ ಮುಟ್ಟಿದ್ದು ತಿರುಗಿ ಬರುವುದಿಲ್ಲ.
ಸಮಿತಿ ಎರಡು ಗಂಟೆ ಕೂತು ಚಾ ಕುಡಿದು ನಿರ್ಣಯಿಸಿತು:
ತಾಮ್ರ ಇರಲಿ.
ಹೆಸರು ಬೇಡ.

ತೆಗೆಯುವುದಕ್ಕೆ ಎಷ್ಟು? ಎಂದರು ನನ್ನನ್ನು.
ಕೆತ್ತಿದಷ್ಟೇ, ಅಕ್ಷರಕ್ಕೆ ಹದಿನೆಂಟು.
ಒತ್ತನ್ನು ಈ ಸಲವೂ ಸೇರಿಸಲಿಲ್ಲ.

ಕರಿಕಲ್ಲಿನಲ್ಲಿ ಅಳಿಸುವುದು ಎಂಬುದಿಲ್ಲ.
ಅಕ್ಷರ ಎಷ್ಟು ಆಳವೋ ಅಷ್ಟು
ಸುತ್ತಲಿನ ಕಲ್ಲನ್ನೂ ಇಳಿಸಬೇಕು.
ಗ್ರೈಂಡರಿನ ಬಿಳಿ ಹುಡಿ ರೆಪ್ಪೆಯಲ್ಲಿ, ಮೂಗಿನಲ್ಲಿ, ಬುತ್ತಿಯಲ್ಲಿ.
ತಾರಾನಾಥ ಬೇಗ ಹೋದರು, ಮನೆಯವರೂ ಹೋದರು,
ನಡುವಿನ ಮತ್ತು ಮಾತ್ರ ತುಂಬ ಹೊತ್ತು ಉಳಿಯಿತು.
ಮುಗಿದಾಗ ಅಂಗೈಯಗಲದ ಉದ್ದನೆ ತಗ್ಗು.
ಆ ಗೋಡೆಯಲ್ಲಿ ಈಗ ಓದಲು ಬಾರದವರೂ ನಿಂತು
ಬೆರಳಾಡಿಸುವ ಜಾಗ ಅದೊಂದೇ.

ಇನ್ನೂರ ಮೂವತ್ತನಾಲ್ಕು ರೂಪಾಯಿ
ಹೆಂಡತಿ ಸುಗಂಧಿಯ ಕೈಯಲ್ಲಿಟ್ಟೆ.
ಎರಡು ಸಲ ಎಣಿಸಿದಳು.
ಒಂದು ವಾರದ ಕಂತಿಗೆ ಹದಿನಾರು ಕಮ್ಮಿ, ಎಂದಳು.
ಹಾಗೆ ನನಗೆ ಗೊತ್ತಾದದ್ದು.
ಎಷ್ಟು ವಾರ ಕಟ್ಟಿದ್ದೆ ಎಂದು ನಾನು ಕೇಳಲಿಲ್ಲ.

ಸೋಮವಾರ ಮಳೆ ಜೋರು.
ಎಳ್ಳೆಣ್ಣೆಯ ಕುಪ್ಪಿ ಸೊಂಟಕ್ಕೆ ಸಿಕ್ಕಿಸಿ ಕೊಡೆ ಬಿಡಿಸಿದಳು.
ಇನ್ನೂ ಅಲ್ಲಿಗೇ ಹೋಗ್ತೀಯಾ? ಎಂದೆ.
ಹೋಗದೆ, ಎಂದಳು,
ನಮ್ಮ ತಗಡು ಸೋರ್ತದಾ ನೋಡಿ ಬರ್ತೇನೆ.