ಸೊನ್ನೆಯ ಕೆಳಗೆ

ಶೆಫೀಲ್ಡಿನ ಈ ಶಾಲೆಗೆ ಬರುವ ರಸ್ತೆಯೇ ಒಂದು ಏದುಸಿರು.
ಇಳಿಜಾರೆಂದರೇನೆಂದು ಎಂಟನೇ ತರಗತಿಗೆ
ಕಾಲುಗಳೇ ಹೇಳಿಕೊಟ್ಟಿದ್ದವು; ನನಗೆ ಕೆಲಸ ಕಡಿಮೆ.

ತೊಡಕಾದದ್ದು ಸಮೀಕರಣದ ಬಾಲಕ್ಕೆ ಅಂಟಿಕೊಂಡ ‘ಸಿ’.
ಟ್ಯಾಕ್ಸಿಯ ಲೆಕ್ಕ ಹೇಳಿದೆ: ಹತ್ತಿದೊಡನೆ ಇಷ್ಟು,
ಆಮೇಲೆ ಮೈಲಿಗಿಷ್ಟು.
ಟ್ಯಾಕ್ಸಿ ಹತ್ತಿ ಗೊತ್ತಿಲ್ಲದ ಮಕ್ಕಳು
ನನ್ನ ಮುಖವನ್ನೇ ನೋಡಿದರು.

ಹಿಂದಿನ ಸಾಲಿನಿಂದ ಜೆನ್ಸನ್, ಎಂದೂ ಕೈಯೆತ್ತದವ:
“ನಮ್ಮನೆ ಕರೆಂಟ್ ಮೀಟರಿನ ಹಾಗಾ, ಮಿಸ್?
ಒಂದು ವಾರ ಅಜ್ಜಿ ಮನೇಲಿದ್ವಿ. ಒಂದು ದೀಪಾನೂ ಉರೀಲಿಲ್ಲ.
ಬಂದು ನೋಡಿದ್ರೆ ನಾಲ್ಕು ಪೌಂಡು ತಿಂದು ಕೂತಿತ್ತು.”

ಹೌದು ಮಾರಾಯ, ಅದೇ.
ಏನೂ ಮಾಡದೆಯೂ ತೆರಬೇಕಾದದ್ದು.

ಆಮೇಲೆ ತಾನೇ ಒಂದು ಗೆರೆ ಹಿಡಿದ:
ಶುಕ್ರವಾರ ಅಮ್ಮ ಮೂಲೆಯಂಗಡಿಯಲ್ಲಿ ತುಂಬಿಸುವ ಹತ್ತು ಪೌಂಡು
ದಿನಕ್ಕೆರಡರಂತೆ ಇಳಿದು ಇಳಿದು
ಬುಧವಾರ ಸೊನ್ನೆ.
ನಾನು ಹಂಚಿದ ಹಾಳೆಯಲ್ಲಿ ಸೊನ್ನೆಯ ಕೆಳಗೆ ಚೌಕಗಳಿರಲಿಲ್ಲ.
“ಗುರುವಾರ ಇರುತ್ತಲ್ಲ, ಮಿಸ್” ಎಂದು
ಸ್ಕೇಲು ಕದಲಿಸದೆ, ಅಂಚು ದಾಟಿ
ಮೇಜಿನ ಮೇಲೆಯೇ ಎಳೆದುಬಿಟ್ಟ,
ಕಂಪನಿ ಕಡ ಕೊಡುವ ಕೊನೆಯ ಪೌಂಡಿನ ತನಕ.

ಮೇಜು ಗೀಚಿದರೆ ಡಿಟೆನ್ಶನ್. ನಿಯಮ ಗೋಡೆಯ ಮೇಲಿದೆ.
ಬಗ್ಗಿ ನೋಡಿದೆ. ಗೆರೆ ನೇರವಾಗಿತ್ತು.

ಗಂಟೆ ಹೊಡೆಯಿತು, ಬ್ಲೇಜರುಗಳು ಬಾಗಿಲಲ್ಲಿ ನುಗ್ಗಾಡಿ ಖಾಲಿಯಾದವು.
ಒದ್ದೆ ಬಟ್ಟೆ ಕೈಯಲ್ಲಿಟ್ಟುಕೊಂಡೇ
ಜೆರಾಕ್ಸ್ ಕೋಣೆಗೆ ನಡೆದೆ.
ಸೊನ್ನೆಯ ಕೆಳಗೂ ಚೌಕಗಳಿರುವ ಹಾಳೆ,
ನಾಳೆಗೆ, ಮೂವತ್ತು ಪ್ರತಿ.